ಕಂಪ್ಯೂಟರಿನಲ್ಲಿ ಕಾಶವ್ವನ ಮಗಳು

ನಲವತ್ತೈದು ದಾಟಿದ ಗಂಡಸು ಕಾಲೇಜು ಸೇರುವುದಕ್ಕೆ ಎರಡೇ ಕಾರಣಗಳಿರುತ್ತವೆ. ಒಂದೋ ಅವನ ತಲೆ ಕೆಟ್ಟಿರಬೇಕು, ಇಲ್ಲವೇ ನೌಕರಿ ಕೆಡುವಂತಿರಬೇಕು. ಹೊಳಬಸಪ್ಪನದು ಎರಡನೆಯ ಕಾರಣ. ಆದರೆ ಕಸಬಾ ಪೇಟೆಯ ಆ ಹಳೇ ವಾಡೆಯಲ್ಲಿ, ಒಂದೇ ಅಂಗಳದ ಸುತ್ತ ಬಿಡಾರ ಹೂಡಿ ಒಂದೇ ನಲ್ಲಿಗೆ ಕೊಡ ಹಿಡಿಯುತ್ತಿದ್ದ ಜನರೆಲ್ಲ ಮೊದಲನೆಯದನ್ನೇ ನಂಬಿದರು.

ಹೊಳಬಸಪ್ಪ ಬಿಜಾಪುರದ ಕಡೆಯವನು. ಮೀಸೆ ಮೂಡುವ ಮೊದಲೇ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ, ಅಲ್ಲೇ ಮೀಸೆ ನರೆಸಿಕೊಂಡವನು. ತೊಂಬತ್ತೆಂಟರ ಬೇಸಿಗೆಯಲ್ಲಿ ಅವನ ಸಾಹುಕಾರರು ಅಂಗಡಿಗೊಂದು ಕಂಪ್ಯೂಟರ್ ತರಿಸಿದರು. ಬೆಲ್ಲದ ನೊಣ ಕೂಡಬಾರದೆಂದು ಅದಕ್ಕೆ ಹಸಿರು ಬಟ್ಟೆಯ ಮುಸುಕು ಹಾಕಿಸಿ, "ಇದನ್ನ ಕಲತಾಂವ ಇರ್ತಾನ, ಕಲೀದಾಂವ ಹೋಗ್ತಾನ" ಎಂದು ಒಂದೇ ಮಾತಿನಲ್ಲಿ ಹೊಸ ಯುಗವನ್ನು ಉದ್ಘಾಟಿಸಿಬಿಟ್ಟರು. ಹೀಗಾಗಿ ಹೊಳಬಸಪ್ಪ ಎರಡು ವರ್ಷದ ಡಿಪ್ಲೊಮಾ ಕಾಲೇಜೊಂದರ ಸಂಜೆಯ ತರಗತಿಗೆ ಹೆಸರು ಹಚ್ಚಿದ. ಕಾಲೇಜಿನ ಬೋರ್ಡಿನ ಮೇಲೆ 'ಕಂಪ್ಯೂಟರ್ ಇನ್ಫರ್ಮೇಶನ್ ಸಿಸ್ಟಮ್ಸ್' ಎಂದು ಬರೆದಿತ್ತು. ಆ ಮೂರು ಶಬ್ದಗಳಲ್ಲಿ ಅವನಿಗೆ ನಡುವಿನದೊಂದು ತಿಳಿಯಿತು. ಅನಾಹುತಕ್ಕೆ ಅಷ್ಟು ಸಾಕಾಯಿತು.

ಮೊದಲ ದಿನ ತರಗತಿ ಮುಗಿಸಿ ಬಂದಾಗ ಅಂಗಳದಲ್ಲಿ ನಲ್ಲಿ ಬಿಟ್ಟಿತ್ತು. ಮೂಲೆಯ ಹೋಟೆಲಿನ ದೇವದಾಸ್, ಉಡುಪಿಯ ಕಡೆಯವರು, ಬಕೆಟ್ಟು ಹಿಡಿದು ನಿಂತಿದ್ದರು.

"ಎಂತ ಕಲಿಸುದು ಮಾರಾಯ್ರೇ ಅಲ್ಲಿ?" ಎಂದು ಕೇಳಿದರು.

ಆ ದಿನದ ಪಾಠದಲ್ಲಿ ಹೊಳಬಸಪ್ಪನಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಅದನ್ನು ಅಷ್ಟೇ ಸರಳವಾಗಿ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಹೆಂಡತಿ ನಾಗವ್ವ ಕೊಡ ಹಿಡಿದು ನಿಂತಿದ್ದಳು. ಹೆಂಡತಿಯ ಎದುರಿಗೆ ತಿಳಿಯಲಿಲ್ಲ ಎನ್ನುವ ಗಂಡಸು ಆ ವಾಡೆಯಲ್ಲಿ ಅಂದಿನವರೆಗೆ ಹುಟ್ಟಿರಲಿಲ್ಲ.

"ಮಾಹಿತಿರಿ," ಎಂದ ಗಂಭೀರವಾಗಿ.

"ಎಂತ ಮಾಹಿತಿ?"

"ಎಲ್ಲಾ ಮಾಹಿತಿ. ಜಗತ್ತಿನ್ಯಾಗ ಯಾರ್ಯಾರು ಎಲ್ಲೆಲ್ಲಿ ಅದಾರ, ಏನೇನು ಮಾಡ್ಲಾಕತ್ತಾರ, ಎಲ್ಲಾ ಅದರಾಗ ಇರ್ತದ. ಹೆಸರು ಹಾಕಿದ್ರ ಸಾಕು, ಹೊರಗ ಬರ್ತದ."

ನಾಗವ್ವನ ಕೊಡ ತುಂಬಿ ಹರಿದು ಆಕೆಯ ಪಾದ ತೋಯಿಸಿತು. ಆಕೆಗೆ ಅದರ ಖಬರೇ ಇರಲಿಲ್ಲ.

ಇಂಥ ಮಾತು ನೀರಿಗಿಂತ ವೇಗವಾಗಿ ಹರಿಯುತ್ತದೆ. ಮರುದಿನವೇ ದೇವದಾಸರು ತಮ್ಮ ಹೋಟೆಲಿನಿಂದ ದೊಡ್ಡ ತಪಲೆಯೊಂದನ್ನು ಹೊತ್ತುಕೊಂಡು ಓಡಿಹೋದ ಅಡುಗೆಭಟ್ಟನ ಹೆಸರು ಹೇಳಿ ಹೋದರು. ಮೂರನೆಯ ದಿನ ಚೌಕಿಯ ಹವಾಲ್ದಾರರೇ ಬಂದು, ಕಳುವಾದ ಲೂನಾ ಗಾಡಿಯ ನಂಬರು ಕೊಟ್ಟು, ಇದು ಸರಕಾರಿ ಕೆಲಸವೆಂದು ಮರಾಠಿಯಲ್ಲಿ ಎಚ್ಚರಿಸಿ, ನಾಗವ್ವ ಮಾಡಿದ ಚಹಾ ಎರಡು ಸಲ ಕುಡಿದು ಎದ್ದರು. ಅಂದಿನಿಂದ ಹೊಳಬಸಪ್ಪ ಬೀದಿಯಲ್ಲಿ ಕಂಡರೆ ಸಾಕು, "ಕಾಯ ಸಾಹೇಬ, ಲೂನಾ ಸಾಪಡ್ಲೀ ಕಾ?" ಎಂದು ದೂರದಿಂದಲೇ ಕೂಗುತ್ತಿದ್ದರು. ಲೂನಾ ಸಿಕ್ಕಿತೇ ಎಂದು ಪೊಲೀಸರೇ ಪ್ರಜೆಯನ್ನು ಕೇಳುವ ಇಂಥ ಗೌರವ ಪುಣೆಯಲ್ಲಿ ಇನ್ನಾರಿಗೂ ದಕ್ಕಿರಲಿಕ್ಕಿಲ್ಲ.

"ಹುಡುಕ್ಲಾಕತ್ತದರಿ, ಟೈಮ್ ಹಿಡೀತದ" ಎನ್ನುವುದು ಹೊಳಬಸಪ್ಪನ ಉತ್ತರ.

ಅತ್ತ ಕಾಲೇಜಿನಲ್ಲಿ ಅವನ ಸ್ಥಿತಿ ಬೇರೆಯೇ ಇತ್ತು. ಪಾಠ ಹೇಳುತ್ತಿದ್ದ ನೀತಾ ಮೇಡಮ್ ಮರಾಠಿ ಹುಡುಗಿ. ಅವನ ಅರ್ಧ ವಯಸ್ಸಿನವಳಾದ್ದರಿಂದ ಅವನನ್ನು 'ಕಾಕಾ' ಎನ್ನುತ್ತಿದ್ದಳು. ಒಂದು ದಿನ ಆಕೆ, ಯಾರ ಮುಂದೆಯೂ ಎಂದೂ ಬಾಯಿಬಿಟ್ಟು ಹೇಳದ ಒಂದು ಶಬ್ದವನ್ನು ಪಾಸ್‌ವರ್ಡ್ ಮಾಡಿಕೊಳ್ಳಿ ಎಂದಳು. ಹೊಳಬಸಪ್ಪ ಭಾಳ ವಿಚಾರ ಮಾಡಿ ಹೆಂಡತಿಯ ಹೆಸರನ್ನು ಹಾಕಿದ. ಮದುವೆಯಾದಾಗಿನಿಂದ ಅವನು ಆಕೆಯನ್ನು 'ಏ', 'ಕೇಳ್ತೇನು' ಎಂದು ಕರೆದಿದ್ದನೇ ಹೊರತು ಹೆಸರು ಹಿಡಿದವನಲ್ಲ. ಮುಂದಿನ ವಾರ ಯಂತ್ರ ತೆರೆಯಲಿಲ್ಲ. ಇಂಗ್ಲಿಷಿನಲ್ಲಿ ನಾಗವ್ವನನ್ನು ಹೇಗೆ ಬರೆದಿದ್ದೆನೆಂಬುದೇ ಅವನಿಗೆ ಮರೆತಿತ್ತು. ಪಾಸ್‌ವರ್ಡ್ ಏನು ಹೇಳಿ ಕಾಕಾ ಎಂದು ಮೇಡಮ್ ಕೇಳಿದರೆ ಮುಖ ಕೆಂಪು ಮಾಡಿಕೊಂಡು ತಲೆ ತಗ್ಗಿಸಿದ. ಹುಡುಗರು ಬಿಡಲಿಲ್ಲ. ಕಡೆಗೆ ಎದ್ದು ನಿಂತು, ಕೈ ಮುಗಿದು, ಮದುವೆಯ ಮನೆಯಲ್ಲಿ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವಂತೆ ಒಡಪು ಹಾಕಿಯೇ ಹೇಳಿದ:

"ಹರಿವಾಣದ ಮ್ಯಾಲ ತಂಬಿಗಿ, ತಂಬಿಗ್ಯಾಗ ನೀರು,
ನಾಗವ್ವನ ಹೆಸರ ಕೇಳಾಕ ನೀವಾದರೂ ಯಾರು!"

ಮರಾಠಿ ಹುಡುಗರಿಗೆ ಕನ್ನಡ ತಿಳಿಯದಿದ್ದರೂ ಒಡಪು ತಿಳಿಯಿತು; ಅವರಲ್ಲೂ ಮದುವೆಗಳಾಗುತ್ತವಲ್ಲ. ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. ಅಂದಿನಿಂದ ಆ ಕೋಣೆಯಲ್ಲಿ ಎಲ್ಲರ ಪಾಸ್‌ವರ್ಡೂ ನಾಗವ್ವ.

ಇಷ್ಟಕ್ಕೇ ನಿಂತಿದ್ದರೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಒಂದು ಸಂಜೆ ಕೆಳಗಿನ ಕೋಣೆಯ ಕಾಶವ್ವ ಮೆಟ್ಟಿಲು ಹತ್ತಿ ಮೇಲೆ ಬಂದಳು.

ಕಾಶವ್ವ ಅರವತ್ತರ ಹೆಂಗಸು. ಜೋಳದ ರೊಟ್ಟಿ ಬಡಿದು ಆಸುಪಾಸಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಗಂಡ ತಾಯಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ಶಾಮಲಾ, ಹತ್ತು ಹನ್ನೊಂದು ವರ್ಷಗಳ ಹಿಂದೆ, ಮರಾಠಿಯವನಾದ ಎಸ್.ಟಿ. ಬಸ್ಸಿನ ಕಂಡಕ್ಟರನೊಬ್ಬನನ್ನು ಕಟ್ಟಿಕೊಂಡು ಮನೆ ಬಿಟ್ಟಿದ್ದಳು. ಆಕೆಯ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ತಾಯಪ್ಪ ಆವತ್ತೇ ಗುಡುಗಿದ್ದ. ಅವನ ಗುಡುಗು ವಾಡೆಗೆಲ್ಲ ಕೇಳುವಂಥದ್ದು. ಆದ್ದರಿಂದ ವಾಡೆಯಲ್ಲೂ ಯಾರೂ ಎತ್ತಿರಲಿಲ್ಲ.

ಕಾಶವ್ವ ಕಂಬಕ್ಕೆ ಆತುಕೊಂಡು ನಿಂತು ದನಿ ತಗ್ಗಿಸಿ ಕೇಳಿದಳು. "ತಮ್ಮಾ, ಅದರಾಗ ಹೆಸರು ಹಾಕಿದ್ರ ಹೊರಗ ಬರ್ತಾರಂತಲ್ಲ... ಶಾಮಲಾ ಅಂತ ಒಂದು ಹಾಕಿ ನೋಡ್ತೀಯೇನು?"

ಇದು ಸುಳ್ಳು ಹೇಳುವ ಮಾತಲ್ಲ ಎಂದು ಹೊಳಬಸಪ್ಪನಿಗೆ ಅನ್ನಿಸಿತು. ಅಡುಗೆಭಟ್ಟ ಬೇರೆ, ಲೂನಾ ಬೇರೆ. ಆದರೆ ದೇವದಾಸರು ಕಟ್ಟೆಯ ಮೇಲಿದ್ದರು, ನಾಗವ್ವ ಬಾಗಿಲಲ್ಲಿದ್ದಳು.

"ಹಾಕ್ತೀನಿ ಕಾಕಿ," ಎಂದ.

ಹಾಕಿದ, ಅದೂ ನಿಜ. ಸುಳ್ಳು ಹೇಳಿದ ಮೇಲೆ ಅದನ್ನು ಪ್ರಾಮಾಣಿಕವಾಗಿ ಪಾಲಿಸುವ ಜಾತಿಯವನು ಅವನು. ಮರುದಿನ ಕಾಲೇಜಿನ ಯಂತ್ರದ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ 'ಶಾಮಲಾ' ಎಂದು ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಎಂದು ಮೂಡಿತು. ಹೊಳಬಸಪ್ಪನಿಗೆ ಬ್ಯಾಡ್ ಎಂಬುದು ಗೊತ್ತಿತ್ತು, ನೇಮ್ ಎಂಬುದೂ ಗೊತ್ತಿತ್ತು.

"ಹೆಸರು ಸರಿ ಇಲ್ಲ ಅಂತದರಿ ಕಾಕಿ," ಎಂದು ಬಂದು ಹೇಳಿದ.

ಕಾಶವ್ವ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕೈ ನಿಲ್ಲಿಸಿದಳು. "ಹೆಸರು ಕೆಡಿಸಿದಾಂವ ಆಕಿ ಅಪ್ಪನ. ಓಣಿ ತುಂಬ ಒದರಿ ಕೆಡಿಸಿದ. ಕಂಪ್ಯೂಟರಿಗೂ ಮುಟ್ಟೇದ ನೋಡು."

ಆಗ ವಾಡೆಯ ಜಾಣರು ಕೂಡಿ ಒಂದು ತರ್ಕ ತೆಗೆದರು. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ಈ ಕಡೆಯ ಪದ್ಧತಿ. ಗಂಡನ ಮನೆಯವರು ಶಾಮಲಾಗೆ ಏನೋ ಬೇರೆ ಹೆಸರಿಟ್ಟಿರಬೇಕು! ಅಲ್ಲಿಂದ ಶುರುವಾಯಿತು. ರಂಜನಾ ಹಾಕಿ ನೋಡು ಎಂದರು ಒಬ್ಬರು, ಚಿತ್ರಾ ಎಂದರು ಇನ್ನೊಬ್ಬರು. ದೇವದಾಸರು ಪ್ರಫುಲ್ಲಾ ಎಂದು ಪಟ್ಟು ಹಿಡಿದರು. ಅದು ಅವರ ಹೆಂಡತಿಯ ಹೆಸರು. ಮದುವೆಯ ನಂತರ ಇಟ್ಟದ್ದು, ಇದುವರೆಗೂ ಸರಿಯಾಗಿ ನಡೆದಿದೆ ಎನ್ನುವುದು ಅವರ ಆಧಾರ. ಹೊಳಬಸಪ್ಪ ಪ್ರತಿ ಸಂಜೆ ಒಂದು ಹೆಸರು ಒಯ್ಯುವುದು, ಯಂತ್ರ ಅದನ್ನು ಬ್ಯಾಡ್ ಎನ್ನುವುದು, ಕಾಶವ್ವ ಬಾಗಿಲಲ್ಲಿ ಕಾಯುವುದು. ಅವನ ಮುಖ ನೋಡಿದೊಡನೆ, "ಇರಲಿ, ನಾಳೆ ಹಾಕು" ಎಂದು ಆಕೆಯೇ ಸಮಾಧಾನ ಹೇಳಿ ಎರಡು ಬಿಸಿರೊಟ್ಟಿ ಕೊಡುವಳು. ಆ ರೊಟ್ಟಿಯನ್ನು ಅವನು ತಿನ್ನದೆ ನಾಗವ್ವನಿಗೆ ಕೊಟ್ಟುಬಿಡುತ್ತಿದ್ದ. ಎರಡನೆಯ ವರ್ಷ ಬರುವ ಹೊತ್ತಿಗೆ ಪರದೆಯ ಮೇಲಿನ ಆ ಮಾತಿಗೆ, ಕೊಟ್ಟ ಆಜ್ಞೆ ಯಂತ್ರಕ್ಕೆ ತಿಳಿಯಲಿಲ್ಲ ಎಂಬಷ್ಟೇ ಅರ್ಥವೆಂದು ಅವನಿಗೆ ತಿಳಿದಿತ್ತು. ಹೇಳುವ ಧೈರ್ಯ ಮಾತ್ರ ಯಾವ ಪಾಠದಲ್ಲೂ ಬರಲಿಲ್ಲ.

ತೊಂಬತ್ತೊಂಬತ್ತರ ದೀಪಾವಳಿ ಮುಗಿದ ಮೇಲೆ ಪತ್ರಿಕೆಗಳಲ್ಲಿ ಹೊಸ ಸುದ್ದಿ ಶುರುವಾಯಿತು. ಇಸವಿ ಎರಡು ಸಾವಿರ ಬಂದ ಗಳಿಗೆಗೆ ಕಂಪ್ಯೂಟರುಗಳೆಲ್ಲ ತಪ್ಪು ತಿಳಿದು, ಇದು ಹತ್ತೊಂಬತ್ತು ನೂರನೆಯ ಇಸವಿ ಎಂದುಕೊಂಡು, ಇದ್ದದ್ದನ್ನೆಲ್ಲ ಮರೆತುಬಿಡುತ್ತವಂತೆ! ದೇವದಾಸರು ಅಂಗಳದಲ್ಲಿ ನಿಂತು ಇದನ್ನು ಗಟ್ಟಿಯಾಗಿ ಓದಿ, "ಲಗಾಡಿ ಹೋಯಿತು, ನನ್ನ ತಪಲೆ ಇನ್ನು ಸಿಕ್ಕಿದ ಹಾಗೆಯೇ" ಎಂದರು.

ಕಾಶವ್ವ ಮಾತ್ರ ಬಿಳಿಚಿಕೊಂಡಳು. "ಹತ್ತೊಂಬತ್ತು ನೂರು ಅಂದ್ರ ನಮ್ಮವ್ವನೂ ಹುಟ್ಟಿದ್ದಿಲ್ಲ. ಹಂಗಾದ್ರ ನನ್ನ ಮಗಳು ಎಲ್ಲಿ ಇರ್ತಾಳ?"

ದೇವದಾಸರು ಪತ್ರಿಕೆ ಮಡಚಿಟ್ಟರು.

ಮರುದಿನ ಸಂಜೆ ನೀತಾ ಮೇಡಮ್ ಹಲಗೆಯ ಮೇಲೆ ಏನೋ ಬರೆಯುತ್ತಿದ್ದಾಗ ಬಾಗಿಲಲ್ಲಿ ಗದ್ದಲವಾಯಿತು. ಮುಂದೆ ಕಾಶವ್ವ, ಹಿಂದೆ ಕಾವಲುಗಾರ. "ಇವರ ಮಗಳು ಒಳಗಿದ್ದಾಳಂತೆ ಮೇಡಮ್, ಕೇಳಿದರೆ ಹೆಸರು ದಿನಾ ಬೇರೆ ಬೇರೆ ಎನ್ನುತ್ತಾರೆ" ಎಂದು ಕಾವಲುಗಾರ ಮರಾಠಿಯಲ್ಲಿ ದೂರು ಹೇಳಿದ. ಹುಡುಗರು ನಕ್ಕರು. ಕಾಶವ್ವ ಅದನ್ನು ಲೆಕ್ಕಿಸದೆ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಹೊಳಬಸಪ್ಪನ ಬಳಿ ಬಂದು, "ಇದರಾಗೇನು?" ಎಂದು ಅವನ ಮುಂದಿದ್ದ ಯಂತ್ರವನ್ನು ತೋರಿಸಿದಳು. ಅವನು ತಲೆ ಆಡಿಸಿದ. ಆಕೆ ಪರದೆಯ ಮುಂದೆ ಬಗ್ಗಿ, ಗಾಜಿಗೆ ಕೈ ಹಚ್ಚಿದಳು.

"ಶಾಮಾ, ನಾ ಅವ್ವ ಬಂದೀನಿ. ಅಪ್ಪ ಇಲ್ಲ ಈಗ, ಬೈಯಾವ್ರು ಯಾರೂ ಇಲ್ಲ. ಇನ್ನ ಸ್ವಲ್ಪ ದಿನಕ್ಕ ಇದೆಲ್ಲಾ ಅಳಿಸಿ ಹೋಗ್ತದಂತ. ಅದರಕಿಂತ ಮೊದಲ ಬಂದ್ಬಿಡವ್ವಾ."

ಕನ್ನಡ ಬಾರದ ಹುಡುಗರೂ ನಗುವುದನ್ನು ನಿಲ್ಲಿಸಿದರು.

"ಏನು ಹೇಳುತ್ತಿದ್ದಾರೆ ಕಾಕಾ?" ಎಂದಳು ಮೇಡಮ್. ಹೊಳಬಸಪ್ಪ ಇಡೀ ತರಗತಿಯ ಎದುರು ಆ ಮಾತನ್ನು ಮರಾಠಿಯಲ್ಲಿ ಹೇಳಬೇಕಾಯಿತು. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು.

ನೀತಾ ಮೇಡಮ್ ಕಾಶವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಇಷ್ಟು ದಿನ ವಾಡೆಯಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದಳು: "ಅಳಿಯ ಯಾವ ಊರಿನವರು, ಆಜಿ?"

"ಇಂದಾಪುರ," ಎಂದಳು ಕಾಶವ್ವ. "ಹೆಸರು ಕುಶಲ."

ಮೇಡಮ್ ಹೊಳಬಸಪ್ಪನ ಕಡೆ ತಿರುಗಿದಳು. "ಕಾಕಾ, ಸ್ವಾರಗೇಟಿನಿಂದ ಇಂದಾಪುರಕ್ಕೆ ನೇರ ಬಸ್ಸಿದೆ."

"ನಾ ಹೋಗೂ ಹಂಗಿಲ್ಲ," ಎಂದು ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಮನಿಯವ್ರು ನನ್ನ ಕಡೆ ಆಣಿ ಹಾಕಿಸಿಕೊಂಡಾರ. ಆಕೀನ ಹುಡುಕ್ಕೊಂಡು ಹೋಗಬಾರದು, ಕಾಗದ ಬರೀಬಾರದು, ಮಂದೀನ ಕಳಿಸಬಾರದು. ಕಂಪ್ಯೂಟರಿನ ಮಾತು ಅದರಾಗ ಇದ್ದಿಲ್ಲ. ಅದಕ್ಕ ಬಂದೆ."

ಆ ಭಾನುವಾರ ಹೊಳಬಸಪ್ಪ ಹೆಂಡತಿಗೂ ಹೇಳದೆ ಬಸ್ಸು ಹತ್ತಿದ. ತನ್ನನ್ನು ಯಾರೂ ಕಳಿಸಿಲ್ಲವಾದ್ದರಿಂದ ಕಾಶವ್ವನ ಆಣೆಗೆ ಭಂಗವಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ವಾದಿಸಿಕೊಂಡ. ಕಬ್ಬು ಹೇರಿದ ಗಾಡಿಗಳ ಹಿಂದೆ ಬಸ್ಸು ನಿಂತು ನಿಂತು ಸಾಗಿತು. ಇಂದಾಪುರದ ಸ್ಟ್ಯಾಂಡಿನಲ್ಲಿ ಇಳಿದು, ಕಂಟ್ರೋಲರನ ಕಿಟಕಿಯಲ್ಲಿ ತಲೆ ತೂರಿ, ಕುಶಲ ಕಂಡಕ್ಟರ್ ಎಂದ. ಒಳಗಿದ್ದವನು ತಲೆ ಎತ್ತದೆ ಹಿಂದಿನ ಗಲ್ಲಿಯ ಕಡೆ ಬೆರಳು ತೋರಿಸಿದ. ವರ್ಷವಿಡೀ ಕಂಪ್ಯೂಟರು ಹುಡುಕಿದ ಮಾಹಿತಿ ಅಷ್ಟೇ ಸುಲಭವಾಗಿ ಸಿಕ್ಕಿತು.

ಕುಶಲ ಖಾಕಿ ಪ್ಯಾಂಟಿನಲ್ಲೇ ಅಂಗಳದಲ್ಲಿ ನಿಂತು ಗಿಡಕ್ಕೆ ನೀರು ಹಾಕುತ್ತಿದ್ದ. ಪುಣೆಯ ಕಸಬಾ ಪೇಟೆಯಿಂದ ಬಂದೆ ಎಂದೊಡನೆ ತಂಬಿಗೆ ಕೆಳಗಿಟ್ಟ. "ಬರ್ರಿ, ಕೂಡ್ರಿ, ಚಹಾ ಕುಡೀರಿ" ಎಂದು ಕನ್ನಡದಲ್ಲೇ ಕರೆದ. ಆಮೇಲೆ ಮರಾಠಿಗೆ ಹೊರಳಿ, "ಇಷ್ಟೇ ಬರುತ್ತದೆ. ಅವಳು ಕಲಿಸಿದ್ದು" ಎಂದ.

ಒಳಗಿನಿಂದ ಒಬ್ಬ ಹೆಂಗಸು ಬಂದಳು. ಹೊಳಬಸಪ್ಪ ಸಂತೋಷದಿಂದ ಎದ್ದು ನಿಂತ. ಆದರೆ ಆಕೆ ಶಾಮಲಾ ಆಗಿರಲಿಲ್ಲ. ಚಹಾ ಇಟ್ಟು ಆಕೆ ಒಳಗೆ ಹೋದ ಮೇಲೆ, ಆಕೆಯ ಹಿಂದಿನ ಗೋಡೆ ಕಂಡಿತು. ಗೋಡೆಯ ಮೇಲೆ ಶಾಮಲಾ ಇದ್ದಳು. ಫೋಟೋಕ್ಕೆ ಹಾರ ಹಾಕಿತ್ತು.

"ಐದು ವರ್ಷವಾಯಿತು. ಕಾಮಾಲೆ. ಬಾರಾಮತಿಗೆ ಒಯ್ದೆವು, ಉಳಿಯಲಿಲ್ಲ," ಎಂದ ಕುಶಲ. "ಇರುವಷ್ಟು ದಿನ ಡ್ಯೂಟಿಗೆ ಪುಣೆಯ ಬಸ್ಸಿನ ಫೇರಿಯನ್ನೇ ಕೇಳಿ ಪಡೆಯುವಂತೆ ನನಗೆ ಹೇಳುತ್ತಿದ್ದಳು. ಅಲ್ಲಿ ಉಳಿದಾಗ ನಾನು ನಿಮ್ಮ ವಾಡೆಯ ಮುಂದೆ ಹಾಯ್ದು ಬರುತ್ತಿದ್ದೆ. ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿತು ಎಂದು ಬಂದು ಹೇಳಿದರೆ ಅವಳಿಗೆ ಅಷ್ಟೇ ಸಾಕು."

"ತಾಯಿಗೆ ತಿಳಿಸಲಿಲ್ಲವಲ್ಲ?" ಎಂದ ಹೊಳಬಸಪ್ಪ. ಅವನ ಬಸಿಯಲ್ಲಿ ಚಹಾ ಕೆನೆಗಟ್ಟಿತ್ತು.

"ತಂದೆಗೆ ತಿಳಿಸಿದೆ. ಅವತ್ತೇ ಬಂದರು. ನಾನು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವಳ ಪಾದ ಹಿಡಿದುಕೊಂಡು ಕೂತವರು, ಹೆಣ ಎತ್ತುವ ಹೊತ್ತಿನವರೆಗೂ ಬಿಡಲಿಲ್ಲ. ಹೋಗುವಾಗ ಒಂದೇ ಮಾತು ಹೇಳಿದರು: 'ಇವಳ ತಾಯಿಗೆ ತಿಳಿಯಬಾರದು. ಮಗಳು ಎಲ್ಲೋ ಸುಖವಾಗಿದ್ದಾಳೆ, ತನ್ನ ಗಂಡನೇ ಕೆಟ್ಟವನು ಅಂದುಕೊಂಡಿರಲಿ. ನನ್ನನ್ನು ಬೈಯುತ್ತ ಬದುಕಲಿ.'"

ಹೊಳಬಸಪ್ಪ ಪುಣೆಗೆ ಮರಳಿದಾಗ ಕಾಶವ್ವ ಬಾಗಿಲಲ್ಲೇ ಇದ್ದಳು. ಅವನು ಬಾಯಿ ತೆರೆದ. ಹೊರಗೆ ಬಂದದ್ದು, "ಹುಡುಕ್ಲಾಕತ್ತದರಿ ಕಾಕಿ."

ಡಿಸೆಂಬರು ಮುಗಿಯಿತು. ಹೊಸ ಇಸವಿಯ ಮುಂಜಾನೆ ದೇವದಾಸರ ಹೋಟೆಲಿನ ಟಿ.ವಿ. ಎದುರು ವಾಡೆಯೆಲ್ಲ ಸೇರಿತ್ತು. ಏನೂ ಆಗಿರಲಿಲ್ಲ. ವಿಮಾನ ಬೀಳಲಿಲ್ಲ, ಬ್ಯಾಂಕು ಮುಳುಗಲಿಲ್ಲ, ಕಂಪ್ಯೂಟರುಗಳು ಒಂದನ್ನೂ ಮರೆತಿರಲಿಲ್ಲ. ಹವಾಲ್ದಾರರು ಕೂಡ ಬಂದು, ಲೂನಾದ ತನಿಖೆ ಮುಂದುವರಿಯಲಿ ಎಂದು ಅಪ್ಪಣೆ ಕೊಟ್ಟು ಹೋದರು.

ಸ್ವಲ್ಪ ಹೊತ್ತಿಗೆ ಕಾಶವ್ವನ ಕೋಣೆಯಿಂದ ಗೋಧಿ ಹುಗ್ಗಿಯ ವಾಸನೆ ಅಂಗಳ ತುಂಬಿತು. ಆಕೆ ಪಾತೇಲಿ ಹಿಡಿದು ಮನೆ ಮನೆಗೂ ಬಡಿಸುತ್ತ ಬಂದಳು. ಹೊಳಬಸಪ್ಪನ ಬಟ್ಟಲಿಗೆ ಎಲ್ಲರಿಗಿಂತ ಹೆಚ್ಚು ಹಾಕಿ, ಮೇಲೆ ತುಪ್ಪ ಬಿಟ್ಟಳು.

"ಬಾಯಿ ಸಿಹಿ ಮಾಡ್ಕೋ ತಮ್ಮಾ. ನನ್ನ ಮಗಳು ಉಳದಳು."

ಹೊಳಬಸಪ್ಪ ಬಟ್ಟಲನ್ನು ಕಟ್ಟೆಯ ಮೇಲಿಟ್ಟ.

"ಕಾಕಿ, ನಾ ಇಂದಾಪುರಕ್ಕ ಹೋಗಿದ್ದೆ."

"ಇಂದಾಪುರವಾ? ಎಂತಕ್ಕೆ ಮಾರಾಯ್ರೇ, ಕಂಪ್ಯೂಟರಲ್ಲೇ..." ಎಂದು ಶುರುಮಾಡಿದ ದೇವದಾಸರು ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

"ಕಂಪ್ಯೂಟರಿನ್ಯಾಗ ಏನೂ ಇದ್ದಿಲ್ಲ ಕಾಕಿ. ಎಂದೂ ಇದ್ದಿಲ್ಲ. ನಾ ಸುಳ್ಳು ಹೇಳಿದೆ."

ಕಾಶವ್ವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಶಾಮಾ ಕಂಡಳೇನು?"

"ಇಲ್ರಿ."

"ಊರು ಬಿಟ್ಟಾರೇನು?"

"ಇಲ್ರಿ. ಅಂವ ಅಲ್ಲೇ ಅದಾನ."

ಅಂವ ಅದಾನ. ಕಾಶವ್ವ ನಿಂತಲ್ಲೇ ಕೂತಳು. ನಾಗವ್ವ ಓಡಿಬಂದು ಆಕೆಯ ಬೆನ್ನಿಗೆ ಆಸರೆಯಾದಳು. ಹೊಳಬಸಪ್ಪ ಉಳಿದುದನ್ನೆಲ್ಲ ಹೇಳಿದ. ಕಾಮಾಲೆ, ಬಾರಾಮತಿ, ರೊಟ್ಟಿ ಬಡಿಯುವ ಸಪ್ಪಳ. ಅದೇ ದಿನ ಹೋಗಿದ್ದ ತಾಯಪ್ಪ, ಅವನು ಹಿಡಿದುಕೊಂಡ ಪಾದ, ಹೇಳಿಹೋದ ಮಾತು. ಇಡೀ ವಾಡೆ ಬಟ್ಟಲು ಹಿಡಿದು ನಿಂತಿತ್ತು. ಯಾರೂ ತುತ್ತು ಎತ್ತಲಿಲ್ಲ.

ಕಾಶವ್ವ ಯಾರನ್ನೋ ಹುಡುಕುವವಳಂತೆ ತನ್ನ ಕೋಣೆಯ ಕಡೆ ನೋಡಿದಳು.

"ಕಡೀಕ ಸಾಯೂತನಕ ಸಿಹಿ ಮುಟ್ಟಲಿಲ್ಲ ಆ ಮನಷ್ಯಾ. ಸಕ್ಕರಿ ಬ್ಯಾನಿ ಆಗೇದ ಅಂದ. ನಾ ಖರೇ ಅಂತ ತಿಳದೆ. ಹಬ್ಬಕ್ಕ ಹೋಳಿಗಿ ಮಾಡಿ ಅಂವನ ಮುಂದನ ಕುಂತು ತಿಂದೆ, ಉರೀಲಿ ಅಂತ. ಮಗಳನ್ನ ದೂರ ಮಾಡಿದಾಂವ ಅಂತ, ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ ನಾನು." ಆಕೆಯ ದನಿ ಒಡೆಯಿತು. "ಒಬ್ಬನ ಅತ್ತಾನಲ್ಲೋ ತಮ್ಮಾ! ಒಂದ ಕ್ವಾಣ್ಯಾಗ ಇದ್ದು ನನಗ ಗೊತ್ತಾಗಲಿಲ್ಲಲ್ಲೋ!"

ಆಗ ಆಕೆ ಅತ್ತಳು. ಮಗಳಿಗಾಗಿ ಅತ್ತದ್ದೆಷ್ಟು, ಗಂಡನಿಗಾಗಿ ಅತ್ತದ್ದೆಷ್ಟು ಎಂದು ಬೇರ್ಪಡಿಸಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಹೊಳಬಸಪ್ಪ ಪಕ್ಕದಲ್ಲೇ ನೆಲದ ಮೇಲೆ ಕೂತು, ಮೀಸೆ ತೋಯಿಸಿಕೊಂಡು, ಚಿಕ್ಕ ಹುಡುಗನ ಹಾಗೆ ಜೋರಾಗಿ ಅತ್ತ. ದೇವದಾಸರು ಗೋಡೆಯ ಕಡೆ ತಿರುಗಿ ನಿಂತರು.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಕಾಶವ್ವ ನಾಗವ್ವನ ಹೆಗಲು ಹಿಡಿದು ಎದ್ದಳು. ಪಾತೇಲಿಯ ತಳದಲ್ಲಿ ಉಳಿದಿದ್ದ ಹುಗ್ಗಿಯನ್ನು ಬಳಿದು ಒಂದು ಬಟ್ಟಲಿಗೆ ಹಾಕಿಕೊಂಡು ಒಳಗೆ ಹೋದಳು. ಗೋಡೆಯ ಮೇಲಿನ ತಾಯಪ್ಪನ ಫೋಟೋದ ಕೆಳಗೆ ಅದನ್ನಿಟ್ಟು, ಕೈಯಿಂದ ಧೂಳು ಒರೆಸಿದಳು.

"ಉಣ್ಣು," ಎಂದಳು. "ನನಗ ಗೊತ್ತಾತು. ಇನ್ನ ಉಪವಾಸ ಸಾಕು."